ಮಾತನಾಡುವ ಹೆಣ, ಮಾತಿಲ್ಲದ ಹೆಣ: ಭಯಾನಕ ಚಿತ್ರಕಥೆ ಮತ್ತು ಮುಂಬಯಿಯ ಕನ್ನಡ ಕಿಶೋರ ಓದುಗ

ಕನ್ನಡದಲ್ಲಿ ಶಿಶುಸಾಹಿತ್ಯದ ಅಧ್ಯಯನ ತಕ್ಕಮಟ್ಟಿಗೆ ನಡೆದಿದೆ. ಆದರೆ ಶಿಶುಗೀತೆಯನ್ನು ದಾಟಿ, ಇನ್ನೂ ಕಾದಂಬರಿಯನ್ನು ಮುಟ್ಟದ ಹದಿಹರೆಯದ ಓದುಗನು ಏನನ್ನು ಓದುತ್ತಾನೆ ಎಂಬ ಪ್ರಶ್ನೆಯತ್ತ ನಮ್ಮ ವಿದ್ವತ್ತು ಹೆಚ್ಚು ಗಮನ ಹರಿಸಿಲ್ಲ. ಆ ವಯಸ್ಸಿನವರ ಓದಿನಲ್ಲಿ ಚಿತ್ರಕಥೆಗೆ ಅಗ್ರಸ್ಥಾನವಿದೆ. ಚಿತ್ರಕಥೆಗಳಲ್ಲಿ ಭಯಾನಕ ವಸ್ತುವಿನವುಗಳಿಗೆ ವಿಶೇಷ ಆಕರ್ಷಣೆಯಿದೆ. ಪ್ರಸ್ತುತ ಲೇಖನವು ಇಂಥ ಕಥೆಗಳಲ್ಲಿ ಒಂದು ಬಗೆಯನ್ನು, ಎಂದರೆ 'ಜೊಂಬಿ' ಕಥೆಗಳನ್ನು, ಕನ್ನಡದ ಕಡೆಯಿಂದ ನೋಡುವ ಪ್ರಯತ್ನವಾಗಿದೆ.

ಜೊಂಬಿ ಎಂದರೆ ಸತ್ತ ಮೇಲೆ ಎದ್ದು ನಡೆಯುವ, ಆದರೆ ಬುದ್ಧಿ, ನೆನಪು, ಮಾತು ಈ ಮೂರನ್ನೂ ಕಳೆದುಕೊಂಡ ದೇಹ. ನಮ್ಮ ಪರಂಪರೆಯಲ್ಲಿಯೂ ಎದ್ದುಬರುವ ಹೆಣವಿದೆ. ಅದನ್ನು ನಾವು ಬೇತಾಳನೆಂದು ಕರೆಯುತ್ತೇವೆ. ಮೇಲುನೋಟಕ್ಕೆ ಇವೆರಡೂ ಒಂದೇ ಎನಿಸಬಹುದು. ಆದರೆ ಬೇತಾಳನು ಮಾತನಾಡುತ್ತಾನೆ, ಪ್ರಶ್ನೆ ಕೇಳುತ್ತಾನೆ, ಉತ್ತರ ಬಂದೊಡನೆ ಮರಕ್ಕೆ ಮರಳುತ್ತಾನೆ. ಜೊಂಬಿಯಾದರೋ ಗೊರಗೊರ ಸದ್ದಿನ ಹೊರತು ಬೇರೇನನ್ನೂ ಹೊರಡಿಸದು. ಈ ವ್ಯತ್ಯಾಸವು ಕೇವಲ ಕಥನತಂತ್ರದ್ದಲ್ಲ. ಸತ್ತವರಿಗೂ ಬದುಕಿರುವವರಿಗೂ ಇರುವ ಸಂಬಂಧವನ್ನು ಎರಡು ಸಂಸ್ಕೃತಿಗಳು ಹೇಗೆ ಗ್ರಹಿಸಿವೆ ಎಂಬುದನ್ನು ಅದು ತೋರಿಸುತ್ತದೆ. ಮುಂಬಯಿಯ ಕನ್ನಡ ಮನೆಯ ಕಿಶೋರನಿಗೆ ಇಂದು ಸುಲಭವಾಗಿ ಸಿಗುವುದು ಇಂಗ್ಲಿಷಿನ ಮೂಕ ಹೆಣವೇ ಹೊರತು ಕನ್ನಡದ ಮಾತನಾಡುವ ಹೆಣವಲ್ಲ ಎಂಬುದು ಇಲ್ಲಿನ ಚಿಂತನೆಗೆ ಕಾರಣವಾದ ಸಂಗತಿ.

1. ಬೈಕುಲ್ಲಾದ ಅಚ್ಚಿನ ಮೊಳೆ

ಈ ವಿಷಯದ ಪ್ರಸ್ತಾಪವನ್ನು ಬೈಕುಲ್ಲಾದಿಂದ ಆರಂಭಿಸುವುದಕ್ಕೆ ಕಾರಣವಿದೆ. ಮರಾಠಿಗರು ಭಾಯಖಳಾ ಎಂದು ಕರೆಯುವ ಈ ಪ್ರದೇಶವನ್ನು ಸಾಮಾನ್ಯವಾಗಿ ರಾಣಿಬಾಗಿನ ಪ್ರಾಣಿಸಂಗ್ರಹಾಲಯದಿಂದಲೋ, 1872ರಲ್ಲಿ ತೆರೆದ, ಈಗ ಡಾ. ಭಾವೂ ದಾಜಿ ಲಾಡ್ ಅವರ ಹೆಸರಿನಲ್ಲಿರುವ ವಸ್ತುಸಂಗ್ರಹಾಲಯದಿಂದಲೋ ಗುರುತಿಸಲಾಗುತ್ತದೆ. ಕನ್ನಡ ಸಂಶೋಧಕನಿಗೆ ಅದರ ಮಹತ್ತ್ವ ಬೇರೆ. ಅದೇ 1872ರಲ್ಲಿ ಜೇಮ್ಸ್ ಬರ್ಜೆಸ್ ಅವರು ಆರಂಭಿಸಿದ 'ಇಂಡಿಯನ್ ಆಂಟಿಕ್ವರಿ' ಪತ್ರಿಕೆ ಅಚ್ಚಾಗುತ್ತಿದ್ದುದು ಬೈಕುಲ್ಲಾದ ಎಜುಕೇಶನ್ ಸೊಸೈಟಿ ಮುದ್ರಣಾಲಯದಲ್ಲಿ. ಜೆ.ಎಫ್. ಫ್ಲೀಟರು ಓದಿದ ಹಳಗನ್ನಡ ಶಾಸನಗಳು ವಿದ್ವಲ್ಲೋಕಕ್ಕೆ ತಲುಪಿದ್ದು ಈ ಪತ್ರಿಕೆಯ ಮೂಲಕ. ಸಂಗೊಳ್ಳಿ ರಾಯಣ್ಣನ ಮತ್ತು ಹಲಗಲಿಯ ಬೇಡರ ಲಾವಣಿಗಳನ್ನು ಅವರು 1885ರಿಂದ ಮುಂದಕ್ಕೆ ಪ್ರಕಟಿಸಿದ್ದೂ ಇದರಲ್ಲಿಯೇ. ಹಾಡುಗಾರರ ಬಾಯಲ್ಲಿದ್ದ ಕನ್ನಡವು ಹೀಗೆ ಮುಂಬಯಿಯಲ್ಲಿ ಅಚ್ಚಿನ ರೂಪ ಪಡೆಯಿತು.

ಪಕ್ಕದ ಮಾಝಗಾಂವದಲ್ಲಿದ್ದ ಬ್ರಿಟಿಷ್ ಇಂಡಿಯಾ ಮುದ್ರಣಾಲಯವು 1915ರಲ್ಲಿ ಕೊಂಕಣದ ಜಾನಪದವನ್ನು ಕುರಿತ ಒಂದು ಸಂಕಲನವನ್ನು ಅಚ್ಚುಮಾಡಿತು. 1909ರಲ್ಲಿ ನಾಸಿಕದಲ್ಲಿ ಹತರಾದ ಎ.ಎಂ.ಟಿ. ಜಾಕ್ಸನ್ ಅವರು ಕೂಡಿಸಿದ್ದ ಸಾಮಗ್ರಿಯನ್ನು ಆರ್.ಇ. ಎಂಥೋವನ್ ಅವರು ವ್ಯವಸ್ಥೆಗೊಳಿಸಿದ ಗ್ರಂಥವದು. ಕೊಂಕಣದ ಊರುಗಳಲ್ಲಿ ಬೇತಾಳನನ್ನು ಭೂತಗಣಗಳ ಒಡೆಯನೆಂದು ಭಾವಿಸಲಾಗುತ್ತದೆ ಎಂಬ ವಿವರ ಅದರಲ್ಲಿ ಬರುತ್ತದೆ. ಈ ನಂಬಿಕೆ ಗ್ರಂಥಸ್ಥವಾಗಿ ಉಳಿದುದಲ್ಲ. ಸಿಂಧುದುರ್ಗ ಜಿಲ್ಲೆಯ ಆರವಲಿಯಲ್ಲಿ ವೇತೋಬಾ ಇಂದಿಗೂ ಗ್ರಾಮದೈವ. ರಾತ್ರಿ ಊರು ಕಾಯುತ್ತ ನಡೆದಾಡಿ ಅವನ ಪಾದರಕ್ಷೆ ಸವೆಯುವುದೆಂದು ಭಕ್ತರು ದೊಡ್ಡ ಚಪ್ಪಲಿಗಳನ್ನು ಹರಕೆಯಾಗಿ ಒಪ್ಪಿಸುತ್ತಾರೆ. ಕಾರವಾರದ ಗಡಿಗೆ ಹತ್ತಿರದ ಲೋಲಿಯೆಂ ಮೊದಲಾದ ಗೋವೆಯ ಹಳ್ಳಿಗಳಲ್ಲಿಯೂ ಬೇತಾಳನಿಗೆ ಗುಡಿಗಳಿವೆ. ಹತ್ತಿ ಗಿರಣಿಗಳಿಗೆ ದುಡಿಯಲು ಬಂದ ಕೊಂಕಣಿಗರೊಡನೆ ಈ ದೈವದ ನೆನಪೂ ಮುಂಬಯಿಗೆ ಬಂದಿತು. ನಡೆದಾಡುವ ಭೂತನಾಥ ಇಲ್ಲಿ ಹೆದರಿಸುವವನಷ್ಟೇ ಅಲ್ಲ, ಕಾವಲುಗಾರನೂ ಹೌದು.

2. ಹೈತಿಯ ಹೆಣ ಮತ್ತು ಉಪ್ಪು

ಜೊಂಬಿಯ ಮೂಲವು ಕೆರೀಬಿಯನ್ ಸಮುದ್ರದ ಹೈತಿ. ಫ್ರೆಂಚರ ಆಳ್ವಿಕೆಯಲ್ಲಿ ಅಲ್ಲಿನ ಕಬ್ಬಿನ ತೋಟಗಳಲ್ಲಿ ಆಫ್ರಿಕದಿಂದ ತಂದ ಗುಲಾಮರನ್ನು ದುಡಿಸಲಾಗುತ್ತಿತ್ತು. 1791ರಲ್ಲಿ ಎದ್ದ ಗುಲಾಮರ ದಂಗೆ 1804ರಲ್ಲಿ ಸ್ವಾತಂತ್ರ್ಯದಲ್ಲಿ ಕೊನೆಗೊಂಡಿತು. ಆದರೆ ಗುಲಾಮಗಿರಿಯ ಭಯ ಜನಮನದಲ್ಲಿ ಉಳಿಯಿತು. ಮಾಂತ್ರಿಕನೊಬ್ಬನು ಹೂತ ಹೆಣವನ್ನು ಎಬ್ಬಿಸಿ ಹೊಲದಲ್ಲಿ ದುಡಿಸುತ್ತಾನೆ, ಸಾವಿನಿಂದಲೂ ದುಡಿಮೆಗೆ ಬಿಡುಗಡೆಯಿಲ್ಲ ಎಂಬ ನಂಬಿಕೆಯಲ್ಲಿ ಆ ಭಯ ರೂಪುತಾಳಿದೆ. ಆ ದುಡಿಯುವ ಹೆಣವು ಉಪ್ಪಿನ ರುಚಿ ಕಂಡರೆ ತಾನು ಸತ್ತಿರುವುದನ್ನು ಅರಿತು, ಒಡೆಯನನ್ನು ತೊರೆದು ತನ್ನ ಗೋರಿಗೆ ಮರಳುತ್ತದೆ ಎಂದೂ ಅಲ್ಲಿನವರು ಹೇಳುತ್ತಾರೆ.

ಕನ್ನಡ ಓದುಗನು ಈ ವಿವರದ ಬಳಿ ಒಂದು ಕ್ಷಣ ನಿಲ್ಲಬೇಕು. ನಮ್ಮಲ್ಲಿ ಉಪ್ಪು ಒಡೆಯನೊಡನೆ ಆಳನ್ನು ಬಿಗಿಯುವ ವಸ್ತು. 'ಉಪ್ಪಿನ ಋಣ' ಎಂಬ ಮಾತೇ ಅದಕ್ಕೆ ಸಾಕ್ಷಿ. ಹೈತಿಯಲ್ಲಿ ಅದೇ ಉಪ್ಪು ಆಳನ್ನು ಬಿಡಿಸುತ್ತದೆ. ಊರು ಬಿಟ್ಟು ಬಂದು ಮುಂಬಯಿಯ ಹೋಟೆಲುಗಳಲ್ಲಿ ಹಗಲೆಲ್ಲ ದುಡಿದು, ರಾತ್ರಿಶಾಲೆಯಲ್ಲಿ ಅಕ್ಷರ ಕಲಿತ ಕನ್ನಡದ ಹುಡುಗರ ಒಂದು ತಲೆಮಾರಿಗೆ ಈ ಕಥೆಯನ್ನು ಅದರ ಮೂಲರೂಪದಲ್ಲಿ ಯಾರಾದರೂ ಹೇಳಿದ್ದರೆ, ಅದು ಅವರಿಗೆ ಪರಕೀಯವೆನಿಸುತ್ತಿರಲಿಲ್ಲ.

ಆದರೆ ಲೋಕಕ್ಕೆ ತಲುಪಿದ ಜೊಂಬಿ ಈ ಅರ್ಥವನ್ನು ಹೊತ್ತು ಬರಲಿಲ್ಲ. 1929ರಲ್ಲಿ ಪ್ರಕಟವಾದ ವಿಲಿಯಂ ಸೀಬ್ರೂಕನ ಪ್ರವಾಸಕಥನದಿಂದ ಅದು ಅಮೆರಿಕದ ಓದುಗರಿಗೆ ಪರಿಚಿತವಾಯಿತು. 1932ರಲ್ಲಿ ಚಲನಚಿತ್ರವನ್ನು ಪ್ರವೇಶಿಸಿತು. 1968ರಲ್ಲಿ ಜಾರ್ಜ್ ರೊಮೆರೊ ನಿರ್ದೇಶಿಸಿದ ಚಿತ್ರದಲ್ಲಿ ಹೆಣಗಳಿಗೆ ಒಡೆಯನೇ ಇರಲಿಲ್ಲ. ಅವು ಗುಂಪುಗುಂಪಾಗಿ ಬಂದು ಮನುಷ್ಯರನ್ನು ತಿನ್ನುತ್ತಿದ್ದವು. ದುಡಿಯುವ ಹೆಣ ತಿನ್ನುವ ಹೆಣವಾಯಿತು. ಮುಂದೆ ಕಚ್ಚಿದವರನ್ನೂ ತನ್ನಂತೆ ಮಾಡುವ ಸಾಂಕ್ರಾಮಿಕವೂ ಆಯಿತು. ಇಂದಿನ ಚಿತ್ರಕಥೆಗಳು ಅನುಸರಿಸುವುದು ಈ ರೂಪವನ್ನು.

3. ನಿಷೇಧದ ಕಾಲ

1950ರಲ್ಲಿ ಅಮೆರಿಕದ ಇ.ಸಿ. ಸಂಸ್ಥೆ ಹೊರತರಲಾರಂಭಿಸಿದ ಭಯಾನಕ ಚಿತ್ರಕಥೆಗಳಲ್ಲಿ ಗೋರಿಯಿಂದೆದ್ದ ಹೆಣವು ತನ್ನನ್ನು ಕೊಂದವನನ್ನು ಹುಡುಕಿಕೊಂಡು ಬರುವುದು ಸಾಮಾನ್ಯ ವಸ್ತುವಾಗಿತ್ತು. ಅಲ್ಲಿನ ಹೆಣಕ್ಕೆ ಇನ್ನೂ ನೆನಪಿತ್ತು, ನ್ಯಾಯದ ಬೇಡಿಕೆಯಿತ್ತು. ಮನೋವೈದ್ಯ ಫ್ರೆಡರಿಕ್ ವರ್ಥಮ್ ಇಂಥ ಪುಸ್ತಕಗಳು ಬಾಲಾಪರಾಧಕ್ಕೆ ಕಾರಣವೆಂದು 1954ರಲ್ಲಿ ವಾದಿಸಿದನು. ಅದೇ ವರ್ಷ ಅಲ್ಲಿನ ಸೆನೆಟ್ ಉಪಸಮಿತಿ ವಿಚಾರಣೆ ನಡೆಸಿತು. ಪ್ರಕಾಶಕರು ತಾವಾಗಿಯೇ ಒಂದು ಸಂಹಿತೆಯನ್ನು ರೂಪಿಸಿಕೊಂಡು, ನಡೆದಾಡುವ ಹೆಣಗಳನ್ನು ಚಿತ್ರಿಸಕೂಡದೆಂದು ವಿಧಿಸಿಕೊಂಡರು. 1971ರಲ್ಲಿ ಸಂಹಿತೆ ಸಡಿಲವಾದಾಗ ರಕ್ತಪಿಶಾಚಿಗೂ ತೋಳಮನುಷ್ಯನಿಗೂ ಪ್ರವೇಶ ದೊರೆಯಿತು, ಏಕೆಂದರೆ ಅವಕ್ಕೆ ಸಾಹಿತ್ಯಕೃತಿಗಳ ಹಿನ್ನೆಲೆಯಿತ್ತು. ಜೊಂಬಿಗೆ ಅಂಥ ವಂಶಾವಳಿ ಇಲ್ಲದ ಕಾರಣ ಅದು ಹೊರಗೇ ಉಳಿಯಿತು; ಮಾರ್ವೆಲ್ ಸಂಸ್ಥೆಯ ಲೇಖಕರು ಹೆಸರಿನ ಅಕ್ಷರ ಬದಲಿಸಿ 'ಜುವೆಂಬಿ' ಎಂದು ಬರೆದು ನಿಯಮದಿಂದ ನುಣುಚಿಕೊಂಡರು.

ಈ ಆತಂಕ ಭಾರತವನ್ನೂ ಮುಟ್ಟಿತು. ಬ್ರಿಟನ್ನಿನ 1955ರ ಕಾಯಿದೆಯ ಮಾದರಿಯಲ್ಲಿ ನಮ್ಮ ಸಂಸತ್ತು 1956ರಲ್ಲಿ ಕಿರಿಯರಿಗೆ ಹಾನಿಕರವಾದ ಪ್ರಕಟಣೆಗಳ ಕಾಯಿದೆಯನ್ನು ಅಂಗೀಕರಿಸಿತು. ಚಿತ್ರಗಳ ಸಹಾಯದಿಂದಾಗಲಿ ಚಿತ್ರಗಳಿಲ್ಲದೆಯಾಗಲಿ ಹೇಳಿದ ಕಥೆಗಳಲ್ಲಿ ಅಪರಾಧ, ಹಿಂಸೆ, ಕ್ರೌರ್ಯ, ಹೇಸಿಗೆ ಅಥವಾ ಭೀತಿ ಹುಟ್ಟಿಸುವ ಘಟನೆಗಳಿದ್ದು, ಒಟ್ಟಿನಲ್ಲಿ ಅವು ಕಿರಿಯ ಓದುಗನನ್ನು ಕೆಡಿಸುವಂತಿದ್ದರೆ ಅಂಥ ಪ್ರಕಟಣೆ ಶಿಕ್ಷಾರ್ಹವೆನಿಸಿತು. ಶಿಕ್ಷೆ ಆರು ತಿಂಗಳವರೆಗಿನ ಸೆರೆವಾಸ, ದಂಡ ಅಥವಾ ಎರಡೂ. ಕಿರಿಯ ವ್ಯಕ್ತಿಯೆಂದರೆ ಇಪ್ಪತ್ತು ವರ್ಷ ತುಂಬದವನು.

ಈ ಕಾಯಿದೆಯ ಮಾತುಗಳನ್ನು ಅಕ್ಷರಶಃ ಅನ್ವಯಿಸಿದ್ದರೆ ನಮ್ಮ ಕಥಾಪರಂಪರೆಯ ಬಹುಭಾಗ ಸಂದೇಹಕ್ಕೆ ಗುರಿಯಾಗುತ್ತಿತ್ತು. ಅಮಾವಾಸ್ಯೆಯ ರಾತ್ರಿ, ಸ್ಮಶಾನ, ಹೆಗಲ ಮೇಲಿನ ಶವ ಇವಿಲ್ಲದ ಬೇತಾಳ ಕಥೆ ಇಲ್ಲ. ಹಾಗಾಗದಿದ್ದುದಕ್ಕೆ ಕಾರಣವನ್ನು ಆ ಕಥೆಗಳ ಸ್ವರೂಪದಲ್ಲಿಯೇ ಹುಡುಕಬೇಕು: ಅಲ್ಲಿ ಭೀತಿಯು ದ್ವಾರ ಮಾತ್ರ, ಒಳಗೆ ಇರುವುದು ವಿವೇಕದ ಪರೀಕ್ಷೆ.

4. ಮುಂಬಯಿಯಿಂದ ಮತ್ತು ಮದರಾಸಿನಿಂದ

ಬೈಕುಲ್ಲಾದಿಂದ ರೈಲಿನಲ್ಲಿ ಮೂರನೆಯ ನಿಲ್ದಾಣ ಬೋರಿಬಂದರು. ಅದರ ಎದುರಿನ ಟೈಮ್ಸ್ ಕಟ್ಟಡದಿಂದ 1964ರ ಮಾರ್ಚಿಯಲ್ಲಿ 'ಇಂದ್ರಜಾಲ ಕಾಮಿಕ್ಸ್' ಆರಂಭವಾಯಿತು. ಲೀ ಫಾಕ್ 1936ರಲ್ಲಿ ಸೃಷ್ಟಿಸಿದ ಫ್ಯಾಂಟಮ್ ಅದರ ಮುಖ್ಯ ನಾಯಕ. ನಡೆದಾಡುವ ಪ್ರೇತವೆಂಬ ಬಿರುದು ಅವನಿಗಿದ್ದರೂ ಅವನು ಸತ್ತವನಲ್ಲ. ತಂದೆಯ ವೇಷವನ್ನು ಮಗ ಧರಿಸುತ್ತ ಬಂದುದರಿಂದ ಶತ್ರುಗಳು ಅವನಿಗೆ ಸಾವಿಲ್ಲವೆಂದು ನಂಬಿದ್ದಾರೆ. ಹಿಂದಿಯ ಅನುವಾದಕರು ಅವನನ್ನು 'ವೇತಾಳ'ನೆಂದು ಕರೆದರು. ಈ ನಾಮಕರಣ ಆಕಸ್ಮಿಕವೆನಿಸುವುದಿಲ್ಲ. ರಾತ್ರಿ ನಡೆದು ದುರ್ಬಲರನ್ನು ಕಾಯುವ ಭೂತನಾಥನ ಕಲ್ಪನೆ ಕೊಂಕಣ ಕರಾವಳಿಯ ಓದುಗರಿಗೆ ಮೊದಲೇ ಇತ್ತು. ಆರವಲಿಯ ವೇತೋಬಾನೂ ದೆಂಕಾಳಿಯ ಕಾಡಿನ ವೇತಾಳನೂ ಕೆಲಸದಲ್ಲಿ ಸಮಾನಧರ್ಮಿಗಳು. 1990ರಲ್ಲಿ ನಿಂತುಹೋದ ಈ ಮಾಲಿಕೆ ಒಂದು ಕಾಲಕ್ಕೆ ಕನ್ನಡದಲ್ಲಿಯೂ ಬರುತ್ತಿತ್ತು.

ಇಂದ್ರಜಾಲದ ಆರಂಭಕಾಲದಲ್ಲಿ ಟೈಮ್ಸ್ ಸಂಸ್ಥೆಯಲ್ಲಿದ್ದ ಕಾರ್ಕಳದ ಅನಂತ ಪೈ (1929–2011) ಮುಂದೆ 'ಅಮರ ಚಿತ್ರಕಥೆ'ಯನ್ನು ಕಟ್ಟಿದರು. ಅದಕ್ಕೂ ಮೊದಲು ಬೆಂಗಳೂರಿನಲ್ಲಿ ಜಿ.ಕೆ. ಅನಂತರಾಮ್ ಅವರ ಆಸಕ್ತಿಯಿಂದ ಆ ಹೆಸರಿನ ಮೊದಲ ಹತ್ತು ಪುಸ್ತಕಗಳು ಕನ್ನಡದಲ್ಲಿ ಬಂದವು. ಅವು ಸಿಂಡರೆಲಾ ಮೊದಲಾದ ಪಾಶ್ಚಾತ್ಯ ಅದ್ಭುತಕಥೆಗಳು. ಇಂಗ್ಲಿಷಿನ 'ಕೃಷ್ಣ' ಹನ್ನೊಂದನೆಯ ಸಂಖ್ಯೆಯನ್ನು ಹೊತ್ತುದಕ್ಕೆ ಇದೇ ಕಾರಣ. ಭಾರತದ ಅತ್ಯಂತ ಪ್ರಸಿದ್ಧ ಚಿತ್ರಕಥಾಮಾಲೆ ಕನ್ನಡದಲ್ಲಿ ಕಣ್ಣುಬಿಟ್ಟಿತೆಂಬುದು ಕನ್ನಡಿಗರೇ ಮರೆತಿರುವ ಸಂಗತಿ.

ಬೇತಾಳನನ್ನು ಮನೆಮನೆಗೆ ತಂದುದು ಮಾತ್ರ ಮದರಾಸಿನ 'ಚಂದಮಾಮ'. 1947ರಲ್ಲಿ ತೆಲುಗು, ತಮಿಳುಗಳಲ್ಲಿ ಆರಂಭವಾದ ಈ ಮಾಸಪತ್ರಿಕೆ 1949ರಲ್ಲಿ ಕನ್ನಡಕ್ಕೆ ಬಂದಿತು. ಖಡ್ಗ ಹಿಡಿದ ರಾಜ, ಅವನ ಹೆಗಲ ಮೇಲೆ ಜೋತ ಶವ, ಬೇರುಗಳ ನಡುವೆ ತಲೆಬುರುಡೆ, ಇವನ್ನು ಒಳಗೊಂಡ ಕಲಾವಿದ ಶಂಕರ್ (1924–2020) ಅವರ ಚಿತ್ರ ಹಲವು ತಲೆಮಾರುಗಳ ಕಣ್ಣಿನಲ್ಲಿ ಉಳಿದಿದೆ. ಹನ್ನೊಂದನೆಯ ಶತಮಾನದ ಸೋಮದೇವನ 'ಕಥಾಸರಿತ್ಸಾಗರ'ದಲ್ಲಿ ಈ ರಾಜನ ಹೆಸರು ತ್ರಿವಿಕ್ರಮಸೇನ. ಬೇರೆಡೆಗಳಲ್ಲಿ ಅವನು ವಿಕ್ರಮನೋ ವಿಕ್ರಮಾರ್ಕನೋ ಆದರೂ, 'ಛಲ ಬಿಡದ ತ್ರಿವಿಕ್ರಮ' ಎಂಬ ನಮ್ಮ ನುಡಿಗಟ್ಟು ಹಳೆಯ ಹೆಸರನ್ನೇ ಉಳಿಸಿಕೊಂಡಿರುವುದು ಗಮನಾರ್ಹ. ಚಂದಮಾಮದ ಪ್ರಕಟಣೆ 2010ರ ದಶಕದ ಆರಂಭದಲ್ಲಿ ನಿಂತುಹೋಯಿತು.

5. ಹೆಣದೊಡನೆ ಸಂವಾದ

ಬೇತಾಳ ಕಥೆಯ ನಿಯಮ ವಿಚಿತ್ರವಾದುದು. ಉತ್ತರ ತಿಳಿದೂ ಹೇಳದಿದ್ದರೆ ರಾಜನ ತಲೆ ಸಿಡಿಯುತ್ತದೆ. ಹೇಳಿದರೆ ಮೌನ ಮುರಿದು, ಕೈಗೆ ಬಂದ ಶವ ಮತ್ತೆ ಮರವೇರುತ್ತದೆ. ಪ್ರಾಣವೋ ಕಾರ್ಯಸಿದ್ಧಿಯೋ ಎಂಬ ಇಕ್ಕಟ್ಟಿನಲ್ಲಿ ರಾಜನು ಪ್ರತಿಸಲವೂ ನಿಜವನ್ನು ನುಡಿಯುತ್ತಾನೆ. ಕೊನೆಗೆ ಉತ್ತರವೇ ಇಲ್ಲದ ಪ್ರಶ್ನೆಗೆ ಅವನು ಸುಮ್ಮನಾದಾಗ, ಅದೇ ಹೆಣ ಅವನಿಗೆ ಕಪಟ ಸನ್ಯಾಸಿಯ ಸಂಚನ್ನು ತಿಳಿಸಿ ಪ್ರಾಣ ಉಳಿಸುತ್ತದೆ. ಇಲ್ಲಿ ಹೆಣಕ್ಕಿಂತ ಹೆದರಬೇಕಾದುದು ಬದುಕಿರುವ ಮನುಷ್ಯನ ವಂಚನೆಗೆ.

ಕನ್ನಡ ಕಾವ್ಯದಲ್ಲಿಯೂ ಈ ಸಂವಾದಕ್ಕೆ ಮಹತ್ತ್ವದ ನಿದರ್ಶನವಿದೆ. ಹತ್ತನೆಯ ಶತಮಾನದ ರನ್ನನ 'ಗದಾಯುದ್ಧ'ದಲ್ಲಿ ದುರ್ಯೋಧನನು ಸಂಜಯನೊಡನೆ ಹೆಣಗಳ ರಾಶಿಯ ನಡುವೆ ನಡೆದುಹೋಗುತ್ತಾನೆ. ದ್ರೋಣ, ಅಭಿಮನ್ಯು, ಲಕ್ಷಣಕುಮಾರ, ದುಶ್ಶಾಸನ, ಕರ್ಣರ ದೇಹಗಳ ಮುಂದೆ ನಿಂತು ಮಾತನಾಡುತ್ತಾನೆ. ರಣಭೂಮಿಯ ಮರುಳು ಅವನನ್ನು ಹಂಗಿಸುತ್ತದೆ. ಹಳಗನ್ನಡದಲ್ಲಿ 'ಮರುಳ್' ಎಂದರೆ ಭೂತವೂ ಹೌದು, ಹುಚ್ಚನೂ ಹೌದು. ನಿಜವಾದ ಮರುಳು ಯಾರೆಂಬ ಶ್ಲೇಷೆಯನ್ನು ರನ್ನನು ಆ ಭೂತದ ಬಾಯಿಂದಲೇ ಆಡಿಸುತ್ತಾನೆ.

ಮುಂಬಯಿಯ ಕನ್ನಡಿಗರಲ್ಲಿ ಬಹುಸಂಖ್ಯಾತರಾದ ಕರಾವಳಿಯವರ ಆಚರಣೆಗಳಲ್ಲಿಯೂ ಇದೇ ಭಾವವಿದೆ. ತುಳುನಾಡಿನಲ್ಲಿ ಸತ್ತವರು 'ಕುಲೆ'ಗಳು. ಮದುವೆಯಾಗದೆ ತೀರಿಕೊಂಡ ಮಕ್ಕಳಿಗೆ ವಧುವನ್ನೋ ವರನನ್ನೋ ಹುಡುಕಿ ಪ್ರೇತಮದುವೆ ಮಾಡುವ ಪದ್ಧತಿ ಅಲ್ಲಿದೆ. ಸತ್ತವರು ದೂರವಾಗಿಲ್ಲ, ಅವರಿಗೂ ಹಕ್ಕುಗಳಿವೆ, ಕುಟುಂಬಕ್ಕೆ ಅವರ ಕಡೆಗೆ ಕರ್ತವ್ಯಗಳಿವೆ. 1990ರ ದಶಕದಲ್ಲಿ ಬೆಂಗಳೂರು ಮೊದಲಾದ ಊರುಗಳಲ್ಲಿ ಹಬ್ಬಿದ 'ನಾಳೆ ಬಾ' ವದಂತಿಯನ್ನು ಇಲ್ಲಿ ನೆನೆಯಬಹುದು. ಬಾಗಿಲ ಮೇಲೆ ಬರೆದ ಎರಡು ಪದಗಳನ್ನು ಓದಿ ಹಿಂತಿರುಗುವ ಆ ದೆವ್ವ ಅಕ್ಷರಸ್ಥವಾದುದು, ಕನ್ನಡ ಬಲ್ಲುದು, ಕೊಟ್ಟ ಮಾತನ್ನು ನಂಬುವುದು.

ಇದರೊಡನೆ ಈಚಿನ ಜೊಂಬಿ ಚಿತ್ರಕಥೆಗಳನ್ನು ಹೋಲಿಸಬೇಕು. ರಾಬರ್ಟ್ ಕರ್ಕ್‌ಮನ್ ಬರೆದ 'ದಿ ವಾಕಿಂಗ್ ಡೆಡ್' 2003ರಿಂದ 2019ರವರೆಗೆ 193 ಸಂಚಿಕೆಗಳಲ್ಲಿ ಬಂದಿತು. ಅದು ಪ್ರೌಢರಿಗೆಂದು ಬರೆದುದು. ಕಿಶೋರರನ್ನೇ ಉದ್ದೇಶಿಸಿದ ಕೃತಿಯೆಂದರೆ 2013ರಲ್ಲಿ ಆರಂಭವಾದ 'ಆಫ್ಟರ್‌ಲೈಫ್ ವಿತ್ ಆರ್ಚಿ'. ಭಾರತದ ರೈಲುನಿಲ್ದಾಣಗಳ ಪುಸ್ತಕದಂಗಡಿಗಳಲ್ಲಿ ದಶಕಗಳಿಂದ ಮಾರಾಟವಾಗುತ್ತಿದ್ದ ಆರ್ಚಿಯ ನಗೆಯ ಊರು ಇಲ್ಲಿ ಹೆಣಗಳ ಊರಾಗುತ್ತದೆ. ಸತ್ತ ನಾಯಿಯೊಂದನ್ನು ಪ್ರೀತಿಯ ಕಾರಣಕ್ಕೆ ಮಂತ್ರದಿಂದ ಬದುಕಿಸಲಾಗುತ್ತದೆ. ಅದು ಕಚ್ಚಿದ ಜಗ್‌ಹೆಡ್ ಮೊದಲ ಜೊಂಬಿಯಾಗುತ್ತಾನೆ. ಕೊನೆಗೆ ಆರ್ಚಿಯ ಎದುರು ಅವನ ತಂದೆಯೇ ಹೆಣವಾಗಿ ಬರುತ್ತಾನೆ. ಈ ಕೃತಿಗೆ ಗಾಂಭೀರ್ಯವಿದೆ. ತಂದೆಯನ್ನು ಕಳೆದುಕೊಳ್ಳುವ ಭಯ ಎಲ್ಲ ಕಿಶೋರರಲ್ಲೂ ಇರುವುದೇ. ಆದರೆ ಆ ತಂದೆ ಮಗನಿಗೆ ಏನನ್ನೂ ಹೇಳಲಾರ. ಮಗನ ಮುಂದೆ ಹೊಡೆಯುವ ಅಥವಾ ಓಡುವ ಮಾರ್ಗ ಮಾತ್ರ ಉಳಿಯುತ್ತದೆ. ಹೀಗಾಗಿ ಇಂಥ ಕಥೆಗಳನ್ನು ರಕ್ತಪಾತದ ಕಾರಣಕ್ಕೆ ಆಕ್ಷೇಪಿಸುವುದು ಸರಿಯಾಗದು. ರನ್ನನಲ್ಲಿ ರಕ್ತ ಇದಕ್ಕಿಂತ ಕಡಿಮೆಯಿಲ್ಲ. ಸತ್ತವರೊಡನೆ ಮಾತು ಮುಗಿದುಹೋಗಿದೆ ಎಂಬ ಗ್ರಹಿಕೆಯೇ ಇಲ್ಲಿ ಚರ್ಚಿಸಬೇಕಾದ ಅಂಶ.

6. ಸದ್ದಿನ ಭಾಷೆ

ಚಿತ್ರಕಥೆಯ ಭಾಷೆ ಸಂಭಾಷಣೆ ಮಾತ್ರವಲ್ಲ. ಚೌಕಟ್ಟುಗಳ ನಡುವೆ ದಪ್ಪಕ್ಷರದಲ್ಲಿ ಬರೆಯುವ ಸದ್ದುಗಳೂ ಅದರ ಅಂಗ. ಹೆಣ ಮೂಕವಾದ ಕಥೆಯಲ್ಲಿ ಈ ಸದ್ದುಗಳೇ ಅರ್ಧ ಕಥೆಯನ್ನು ಹೇಳುತ್ತವೆ. ಈ ದೃಷ್ಟಿಯಿಂದ ಕನ್ನಡದಷ್ಟು ಸಿದ್ಧವಾದ ಭಾಷೆ ವಿರಳ. ಹದಿಮೂರನೆಯ ಶತಮಾನದ ಕೇಶಿರಾಜನೇ 'ಶಬ್ದಮಣಿದರ್ಪಣ'ದಲ್ಲಿ ಅನುಕರಣ ಶಬ್ದಗಳಿಗೆ ವ್ಯಾಕರಣದಲ್ಲಿ ಸ್ಥಾನ ಕೊಟ್ಟಿದ್ದಾನೆ. ಒಣಗಿದ ಎಲೆಯ ಮೇಲೆ ಎಳೆದ ಕಾಲು ಚರಚರ ಎನ್ನುತ್ತದೆ. ಹಲ್ಲು ಕಟಕಟ, ಗಂಟಲು ಗೊರಗೊರ, ಎಲುಬು ಲಟಲಟ, ಬಾಗಿಲು ದಡಾರ್ ಎನ್ನುತ್ತದೆ. ಇಷ್ಟು ಬೇರೆ ಭಾಷೆಗಳಲ್ಲಿಯೂ ಸಾಧ್ಯ. ಆದರೆ ಸದ್ದಿಲ್ಲದಿರುವುದಕ್ಕೂ ಕನ್ನಡ ಸದ್ದು ಕೊಡುತ್ತದೆ: ಕತ್ತಲೆ ಗವ್ ಎನ್ನುತ್ತದೆ, ಜನವಿಲ್ಲದ ಬೀದಿ ಬಿಕೋ ಎನ್ನುತ್ತದೆ, ಎದೆ ಝಲ್ ಎನ್ನುತ್ತದೆ. ಭಯಾನಕ ಚಿತ್ರಕಥೆಗೆ ಇದಕ್ಕಿಂತ ಉಚಿತವಾದ ಸಾಮಗ್ರಿ ಬೇಕಿಲ್ಲ. ಇಂಗ್ಲಿಷಿನಲ್ಲಿ ಮಾತ್ರ ಹೆದರುವ ಕನ್ನಡದ ಹುಡುಗನಿಗೆ ಈ ಪದಗಳು ಅಜ್ಜಿಯ ಬಾಯಲ್ಲಿ ಕೇಳಿ ಮರೆತವುಗಳಾಗಿ ಉಳಿದಿವೆ.

7. ಮಾಡಬೇಕಾದ ಕೆಲಸ

ಜೊಂಬಿ ಕಥೆ ಇಂದು ಮುಖ್ಯವಾಗಿ ಸಾಂಕ್ರಾಮಿಕದ ಕಥೆ. ಬೈಕುಲ್ಲಾಕ್ಕೆ ಈ ವಸ್ತು ಹೊಸತಲ್ಲ. 1896ರಲ್ಲಿ ಮುಂಬಯಿಯಲ್ಲಿ ಪ್ಲೇಗು ಕಾಣಿಸಿಕೊಂಡಾಗ ವಾಲ್ಡೆಮಾರ್ ಹಾಫ್‌ಕಿನ್ ಇಲ್ಲಿನ ಗ್ರಾಂಟ್ ವೈದ್ಯಕೀಯ ಕಾಲೇಜಿನ ಸಣ್ಣ ಪ್ರಯೋಗಶಾಲೆಯಲ್ಲಿ ಲಸಿಕೆಯನ್ನು ಸಿದ್ಧಪಡಿಸಿ, 1897ರ ಜನವರಿ 10ರಂದು ಮೊದಲು ತನಗೇ ಚುಚ್ಚಿಕೊಂಡನು. ಅದೇ ತಿಂಗಳ ಕೊನೆಯಲ್ಲಿ ಬೈಕುಲ್ಲಾ ಸೆರೆಮನೆಯಲ್ಲಿ ರೋಗ ಹಬ್ಬಿದಾಗ ಅಲ್ಲಿನ ಕೈದಿಗಳಲ್ಲಿ ಒಪ್ಪಿದವರಿಗೆ ಲಸಿಕೆ ಹಾಕಲಾಯಿತು. ಸೋಂಕಿದ ಊರಿನಲ್ಲಿ ಮನುಷ್ಯನು ಮನುಷ್ಯನನ್ನು ಕಂಡು ಓಡಿದ ಕಥೆಯೂ ಇಲ್ಲಿದೆ, ಒಬ್ಬನು ಇನ್ನೊಬ್ಬನಿಗಾಗಿ ತೋಳು ಒಡ್ಡಿದ ಕಥೆಯೂ ಇದೆ. ಕನ್ನಡದಲ್ಲಿ ಇಂಥ ಚಿತ್ರಕಥೆಯನ್ನು ಬರೆಯುವವರಿಗೆ ವಸ್ತುವನ್ನು ದೂರದ ಊರಿನಿಂದ ತರಬೇಕಾಗಿಲ್ಲ.

ಈ ಕ್ಷೇತ್ರದಲ್ಲಿ ತುರ್ತಾಗಿ ನಡೆಯಬೇಕಾದ ಕೆಲಸಗಳು ಮೂರು. ಮೊದಲನೆಯದು ಸಂಗ್ರಹ. ಕನ್ನಡದ ಇಂದ್ರಜಾಲ ಸಂಚಿಕೆಗಳನ್ನೂ ಮೊದಲ ಹತ್ತು ಅಮರ ಚಿತ್ರಕಥೆಗಳನ್ನೂ ಗ್ರಂಥಾಲಯಗಳು ಪುಸ್ತಕಗಳೆಂದು ಬಗೆದದ್ದು ಕಡಿಮೆ. ಮನೆಗಳ ಅಟ್ಟಗಳಲ್ಲಿ ಉಳಿದಿರುವವು ರದ್ದಿಯಾಗುವ ಮೊದಲು ಅವನ್ನು ಕೂಡಿಸಬೇಕು. ಎರಡನೆಯದು ಪದಕೋಶ. ಮರುಳು, ಕುಲೆ, ಪೀಡೆ, ಗಾಳಿ, ರಣ, ಬೇತಾಳ ಮೊದಲಾದ ಪದಗಳ ಪ್ರಾದೇಶಿಕ ಅರ್ಥಗಳನ್ನು, ಮುಂಬಯಿಗೆ ವಲಸೆ ಬಂದ ಹಿರಿಯರಿಂದ ಕೇಳಿ ದಾಖಲಿಸಬೇಕು. ಆ ಹಿರಿಯರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ. ಮೂರನೆಯದು ರಚನೆ ಮತ್ತು ಅನುವಾದ. ಹೈತಿಯ ಉಪ್ಪಿನ ಕಥೆಯನ್ನೂ ಆರ್ಚಿಯ ತಂದೆಯ ಕಥೆಯನ್ನೂ ಕನ್ನಡಕ್ಕೆ ತರಲಿ. ತ್ರಿವಿಕ್ರಮನನ್ನೂ ಕುರುರಾಯನನ್ನೂ ಹೊಸ ಚೌಕಟ್ಟುಗಳಲ್ಲಿ ಬಿಡಿಸಲಿ.

ಹದಿಹರೆಯದವನು ಹೆದರಲು ಬಯಸುತ್ತಾನೆ. ಅದು ಆ ವಯಸ್ಸಿನ ಧರ್ಮ. ಅವನನ್ನು ಹೆದರದಂತೆ ಕಾಯುವುದು 1956ರ ಕಾಯಿದೆಯಿಂದಲೂ ಆಗಲಿಲ್ಲ, ನಮ್ಮಿಂದಲೂ ಆಗದು. ಅವನ ಹೆಗಲೇರಿದ ಹೆಣ ಅವನದೇ ಭಾಷೆಯಲ್ಲಿ ಒಂದು ಪ್ರಶ್ನೆ ಕೇಳುವಂತೆ ಮಾಡುವುದು ಮಾತ್ರ ನಮ್ಮ ಕೈಯಲ್ಲಿದೆ.